ಸಹಿ ಸರಿಯಿದೆ, ಆದರೆ ಯಾರದು?

(ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೂ ಎಸ್ಟೇಟ್ ಕಚೇರಿಗಳಿಗೂ ತಂತ್ರಾಂಶ ಬರೆಯುವವರ ಮುಂದೆ ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಕೊಳ್ಳುವ ಕಂಪನಿಯಿಂದ ಕ್ಯೂರಿಂಗ್ ವರ್ಕ್ಸ್‌ಗೆ ಒಂದು ಇಮೇಲ್ ಬರುತ್ತದೆ: ಇಂಥ ಲಾಟಿನಿಂದ ಪ್ಲಾಂಟೇಶನ್ ಎ ಗ್ರೇಡು ಇಷ್ಟು ಮೂಟೆ, ಇಂಥ ನಂಬರಿನ ಲಾರಿಗೆ ತುಂಬಿಸಿ. ದಿನಕ್ಕೆ ಹತ್ತಾರು ಇಂಥವು ಬಂದರೆ ಗುಮಾಸ್ತರು ಒಂದೊಂದನ್ನೂ ಓದಿ ಟೈಪ್ ಮಾಡುವುದು ಯಾಕೆ, ಪ್ರೋಗ್ರಾಮೇ ಓದಿ ಡೆಲಿವರಿ ಆರ್ಡರ್ ಮಾಡಲಿ ಅನ್ನಿಸುತ್ತದೆ. ಅಲ್ಲಿಗೆ ಒಂದು ಹೊಸ ಪ್ರಶ್ನೆ ಹುಟ್ಟುತ್ತದೆ. ಇಮೇಲ್‌ನ ಫ್ರಮ್ ಸಾಲಿನಲ್ಲಿ ಯಾರು ಯಾರ ಹೆಸರು ಬೇಕಾದರೂ ಬರೆಯಬಹುದು, ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿ ಅದನ್ನು ಪ್ರಶ್ನಿಸುವುದಿಲ್ಲ. ಗುಮಾಸ್ತರಿಗೆ ಅನುಮಾನ ಬಂದರೆ ಫೋನ್ ಮಾಡುತ್ತಾರೆ. ಪ್ರೋಗ್ರಾಮಿಗೆ ಅನುಮಾನ ಬರುವಂತೆ ನಾವೇ ಬರೆಯಬೇಕು.

ಅದಕ್ಕೆ ಇರುವ ಸಾಧನ ಡಿಕಿಮ್ (DKIM), ಅಂದರೆ ಕಳಿಸುವ ಡೊಮೈನ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ. ಯಾಹೂ ಮಾಡಿದ ಡೊಮೈನ್‌ಕೀಸ್, ಸಿಸ್ಕೋ ಮಾಡಿದ ಇನ್ನೊಂದು ಪದ್ಧತಿ ಎರಡೂ ಸೇರಿ 2007ರಲ್ಲಿ ಇದು ಮಾನದಂಡವಾಯಿತು. ಈಗ ನಾವು ಅನುಸರಿಸುವುದು 2011ರ ಆರ್‌ಎಫ್‌ಸಿ 6376 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್ ಮಾನದಂಡಗಳನ್ನು ಬರೆದಿಡುವ ದಾಖಲೆ). ಕಳಿಸುವ ಸರ್ವರ್ ತನ್ನ ಗುಪ್ತ ಕೀಯಿಂದ ಹೆಡರ್ ಮತ್ತು ಬಾಡಿಗೆ ಸಹಿ ಹಾಕಿ, ಡಿಕಿಮ್-ಸಿಗ್ನೇಚರ್ ಎಂಬ ಹೆಡರಿನಲ್ಲಿ ಅಂಟಿಸುತ್ತದೆ. ಸಾರ್ವಜನಿಕ ಕೀ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್ ಹೆಸರುಗಳ ಸಾರ್ವಜನಿಕ ವಿಳಾಸ ಪುಸ್ತಕದಲ್ಲಿ ಇರುತ್ತದೆ. ಅದನ್ನು ತಂದು ತಾಳೆ ನೋಡುವುದು ನಮ್ಮ ಕೆಲಸ. ಪೈಥಾನ್‌ನಲ್ಲಿ ಡಿಕಿಮ್‌ಪೈ, ನೋಡ್‌ನಲ್ಲಿ ಮೇಲ್‌ಆತ್, ಜಾವಾದಲ್ಲಿ ಅಪಾಚೆ ಜೇಮ್ಸ್‌ನ ಜೆಡಿಕಿಮ್ ಇದನ್ನು ಮಾಡಿಕೊಡುತ್ತವೆ.

ಹೆಚ್ಚಿನವರ ಕೋಡ್ ಹೀಗಿರುತ್ತದೆ: ವೆರಿಫೈ ಫಂಕ್ಷನ್ ಕರೆ, ಟ್ರೂ ಬಂದರೆ ಆರ್ಡರ್ ಒಪ್ಪಿಕೋ. ಈ ಕೋಡ್ ತಪ್ಪು. ಲೈಬ್ರರಿಯಲ್ಲಿ ದೋಷವಿದೆ ಅಂತಲ್ಲ, ಕೇಳಿದ ಪ್ರಶ್ನೆಯೇ ಅರ್ಧ. ಮೂಟೆಯ ಸೀಲು ಒಡೆದಿಲ್ಲ ಅಂತ ಗೊತ್ತಾಯಿತು, ಸೀಲಿನ ಮೇಲೆ ಯಾರ ಗುರುತಿದೆ ಅಂತ ಯಾರೂ ನೋಡಲಿಲ್ಲ. ಕೆಲವು ನೂರು ರೂಪಾಯಿಗೆ ಒಂದು ಡೊಮೈನ್ ಕೊಂಡು ಅದಕ್ಕೆ ಕೀ ಹಾಕಿಕೊಂಡರೆ ಯಾವ ವಂಚಕನ ಮೇಲ್‌ಗೂ ಟ್ರೂ ಬರುತ್ತದೆ. ಫ್ರಮ್ ಸಾಲಿನಲ್ಲಿ ನಿಮ್ಮ ಕೊಳ್ಳುಗರ ವಿಳಾಸ, ಸಹಿಯಲ್ಲಿ ವಂಚಕನ ಡೊಮೈನ್. ಲೈಬ್ರರಿ ಹೇಳಿದ್ದು ಸುಳ್ಳಲ್ಲ, ಆ ಡೊಮೈನಿನ ಸಹಿ ನಿಜಕ್ಕೂ ಸರಿಯಾಗಿಯೇ ಇದೆ.

ಮೊದಲು ಬೈಟ್‌ಗಳು

ಯಾರ ಸಹಿ ಎನ್ನುವುದಕ್ಕೆ ಮುಂಚೆ, ಸಹಿ ಸರಿಯಾಗಿ ಹೊಂದುವಂತೆ ಮಾಡಿಕೊಳ್ಳಬೇಕಲ್ಲ. ಅಸಲಿ ಮೇಲ್‌ಗಳೂ ಫೇಲ್ ಆಗುತ್ತಿವೆ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ: ಪರೀಕ್ಷೆಗೆ ಕೊಟ್ಟದ್ದು ಬಂದ ಮೇಲ್ ಅಲ್ಲ, ಅದರ ಮರುರಚನೆ. ಸಹಿ ಇರುವುದು ಅಕ್ಷರಗಳ ಮೇಲಲ್ಲ, ತಂತಿಯಲ್ಲಿ ಹರಿದು ಬಂದ ಬೈಟ್‌ಗಳ ಮೇಲೆ. ಪೈಥಾನ್‌ನ ಇಮೇಲ್ ಮಾಡ್ಯೂಲಿನಲ್ಲಿ ಮೇಲನ್ನು ಪಾರ್ಸ್ ಮಾಡಿ, ಆ ಆಬ್ಜೆಕ್ಟನ್ನು ಮತ್ತೆ ಬೈಟ್ ಮಾಡಿ ವೆರಿಫೈಗೆ ಕೊಟ್ಟರೆ ಉದ್ದದ ಹೆಡರ್‌ಗಳ ಮಡಿಕೆ ಬದಲಾಗಬಹುದು, ಸಾಲಿನ ಕೊನೆ ಬದಲಾಗುತ್ತದೆ. ಐಮ್ಯಾಪ್‌ನಿಂದ ತರುವಾಗ ಬಾಡಿ-ಪೀಕ್ ಆದೇಶದಿಂದ ಇಡೀ ಮೇಲನ್ನು ಕಚ್ಚಾ ರೂಪದಲ್ಲಿ ತನ್ನಿ. ಪೀಕ್ ಹಾಕಿದರೆ ಓದಿದ ಗುರುತು ಬೀಳುವುದಿಲ್ಲ, ಅದೊಂದು ಅನುಕೂಲ. ಕಚ್ಚಾ ಪ್ರತಿಯನ್ನು ಹಾಗೇ ಡಿಸ್ಕಿಗೆ ಬರೆದು, ವೆರಿಫೈಗೆ ಅದನ್ನೇ ಕೊಡಿ. ಲಾಟ್ ನಂಬರು, ಮೂಟೆ ಲೆಕ್ಕ ತೆಗೆಯಲು ಬೇರೆಯಾಗಿ ಪಾರ್ಸ್ ಮಾಡಿ. ಪಾಪ್3ರಲ್ಲಿ ಪೈಥಾನ್ ಸಾಲುಗಳ ಪಟ್ಟಿ ಕೊಡುತ್ತದೆ, ಸಾಲಿನ ಕೊನೆಯ ಗುರುತು ತೆಗೆದಿರುತ್ತದೆ. ಜೋಡಿಸುವಾಗ ಸಿಆರ್-ಎಲ್‌ಎಫ್ ಎರಡನ್ನೂ ಹಾಕಬೇಕು.

ಫೈಲನ್ನು ಬೈನರಿ ಮೋಡ್‌ನಲ್ಲೇ ತೆರೆಯಿರಿ. ಔಟ್‌ಲುಕ್‌ನಲ್ಲಿ ಎಂಎಸ್‌ಜಿ ಫೈಲಾಗಿ ಉಳಿಸಿದ್ದು ಪರೀಕ್ಷೆಗೆ ಬರುವುದಿಲ್ಲ, ಅದರಲ್ಲಿ ಮೂಲ ಮೈಮ್ ರೂಪವೇ ಇರುವುದಿಲ್ಲ. ಎಂಬಾಕ್ಸ್ ಫೈಲಿನಲ್ಲಿ ಇನ್ನೊಂದು ಹಳೆಯ ಕಾಟ: ಬಾಡಿಯ ಯಾವುದಾದರೂ ಸಾಲು ಫ್ರಮ್ ಎಂಬ ಪದದಿಂದ ಶುರುವಾದರೆ ಅದರ ಮುಂದೆ ಒಂದು ಬಾಣದ ಗುರುತು ಸೇರಿಕೊಳ್ಳುತ್ತದೆ. ಒಂದು ಬೈಟ್ ಸೇರಿತು, ಸಹಿ ಹೋಯಿತು. ಜಿಮೇಲ್‌ನಿಂದ ಮಾದರಿ ಬೇಕಾದರೆ ಶೋ ಒರಿಜಿನಲ್‌ಗೆ ಹೋಗಿ, ಅಲ್ಲಿಂದ ಡೌನ್‌ಲೋಡ್ ಮಾಡಿ. ಪರದೆಯ ಪಠ್ಯವನ್ನು ಕಾಪಿ-ಪೇಸ್ಟ್ ಮಾಡಿದ್ದು ಕೆಲಸಕ್ಕೆ ಬಾರದು.

ಕನ್ನಡದ ಮೇಲ್‌ಗಳ ವಿಷಯ ಬೇರೆಯಾಗಿಯೇ ಹೇಳಬೇಕು. 'ಕಾಫಿ' ಎಂದು ಬರೆದರೆ ಯೂನಿಕೋಡ್‌ನಲ್ಲಿ ನಾಲ್ಕು ಸಂಕೇತ, ಯುಟಿಎಫ್-8ರಲ್ಲಿ 12 ಬೈಟ್, ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಲ್ಲಿ ಬರೆಯುವ ಬೇಸ್64ಕ್ಕೆ ತಿರುಗಿಸಿದರೆ 16 ಅಕ್ಷರ. ಸಹಿಯಾಗಿರುವುದು ಆ 16ಕ್ಕೆ. ವಿಷಯದ ಸಾಲನ್ನು ಡಿಕೋಡ್ ಮಾಡಿ ಕನ್ನಡದಲ್ಲಿ ಓದಿಕೊಂಡ ಮೇಲೆ ಹ್ಯಾಶ್ ಮಾಡಿದರೆ (ಬೈಟ್‌ಗಳಿಂದ ಒಂದು ಚಿಕ್ಕ ಗುರುತು ಲೆಕ್ಕ ಹಾಕಿದರೆ) ತಾಳೆಯಾಗುವ ಪ್ರಶ್ನೆಯೇ ಇಲ್ಲ. ಕಳಿಸುವ ಕಡೆಯಲ್ಲೂ ತೊಂದರೆ ಇದೆ. ಕನ್ನಡದ ಬಾಡಿಯನ್ನು 8-ಬಿಟ್ ಆಗಿ ಹಾಗೆಯೇ ಕಳಿಸಿದರೆ, ದಾರಿಯಲ್ಲಿ 8-ಬಿಟ್ ಒಪ್ಪದ ಸರ್ವರ್ ಎದುರಾದಾಗ ಹಿಂದಿನ ಸರ್ವರ್ ಅದನ್ನು ಕೋಟೆಡ್-ಪ್ರಿಂಟಬಲ್ ಅಥವಾ ಬೇಸ್64 ಮಾಡುತ್ತದೆ. ಓದುವವರಿಗೆ ಒಂದಕ್ಷರವೂ ಬದಲಾಗಿಲ್ಲ, ಸಹಿಗೆ ಎಲ್ಲವೂ ಬದಲಾಗಿದೆ. ಆದ್ದರಿಂದ ನೀವೇ ಕನ್ನಡದಲ್ಲಿ ಮೇಲ್ ಕಳಿಸುವ ಪ್ರೋಗ್ರಾಮ್ ಬರೆಯುವವರಾದರೆ, ಸಹಿಗೆ ಮುಂಚೆಯೇ ಬೇಸ್64 ಮಾಡಿಬಿಡಿ.

ಸಹಿಯ ಹೆಡರಿನಲ್ಲಿ ಏನೇನಿದೆ

ಆ ಹೆಡರ್ ಸೆಮಿಕೋಲನ್‌ನಿಂದ ಬೇರ್ಪಟ್ಟ ಟ್ಯಾಗ್‌ಗಳ ಸಾಲು. ಡಿ ಟ್ಯಾಗ್ ಎಂದರೆ ಸಹಿ ಹಾಕಿದ ಡೊಮೈನ್. ಎಸ್ ಎಂದರೆ ಸೆಲೆಕ್ಟರ್, ಆ ಡೊಮೈನಿನ ಹಲವು ಕೀಗಳಲ್ಲಿ ಯಾವುದು ಎಂಬ ಸೂಚನೆ. ಎ ಟ್ಯಾಗಿನಲ್ಲಿ ಕ್ರಮವಿಧಿ, ಎಚ್‌ನಲ್ಲಿ ಸಹಿಯಾದ ಹೆಡರ್‌ಗಳ ಪಟ್ಟಿ. ಬಿಎಚ್ ಬಾಡಿಯ ಹ್ಯಾಶ್, ಬಿ ಎಂಬುದು ಸಹಿ. ಸಿ ಟ್ಯಾಗ್ ಹ್ಯಾಶ್‌ಗೆ ಮುಂಚೆ ಪಠ್ಯವನ್ನು ಸಜ್ಜುಗೊಳಿಸುವ ಪದ್ಧತಿ ಸಿಂಪಲ್ಲೋ ರಿಲ್ಯಾಕ್ಸ್ಡೋ ಎಂದು ಹೇಳುತ್ತದೆ, ಹೆಡರಿಗೊಂದು, ಬಾಡಿಗೊಂದು.

ಸಿಂಪಲ್ ಎಂದರೆ ಹೆಡರಿನಲ್ಲಿ ಒಂದು ಖಾಲಿ ಜಾಗವೂ ಬದಲಾಗಬಾರದು. ರಿಲ್ಯಾಕ್ಸ್ಡ್‌ನಲ್ಲಿ ಹೆಡರ್ ಹೆಸರು ಸಣ್ಣಕ್ಷರಕ್ಕೆ ಇಳಿಯುತ್ತದೆ, ಮಡಿಸಿದ ಸಾಲು ಬಿಚ್ಚಿಕೊಳ್ಳುತ್ತದೆ, ಸಾಲುಸಾಲು ಖಾಲಿ ಜಾಗಗಳು ಒಂದಾಗುತ್ತವೆ, ಕೋಲನ್‌ನ ಆಚೀಚೆ ಮತ್ತು ಸಾಲಿನ ಕೊನೆಯ ಖಾಲಿ ಜಾಗ ಹೋಗುತ್ತದೆ. ಬಾಡಿಯ ವಿಷಯದಲ್ಲಿ ಎರಡೂ ಪದ್ಧತಿ ಕೊನೆಯ ಖಾಲಿ ಸಾಲುಗಳನ್ನು ಕತ್ತರಿಸುತ್ತವೆ. ರಿಲ್ಯಾಕ್ಸ್ಡ್ ಸಾಲಿನೊಳಗಿನ ಖಾಲಿ ಜಾಗಗಳನ್ನೂ ಒಂದಾಗಿಸಿ, ಸಾಲಿನ ಕೊನೆಯದನ್ನು ತೆಗೆಯುತ್ತದೆ. ಇನ್ನೊಂದು ವ್ಯತ್ಯಾಸ ಪೂರ್ತಿ ಖಾಲಿ ಬಾಡಿಯಲ್ಲಿ: ಸಿಂಪಲ್‌ನಲ್ಲಿ ಅದು ಎರಡು ಬೈಟಿನ ಸಿಆರ್-ಎಲ್‌ಎಫ್ ಆಗುತ್ತದೆ, ರಿಲ್ಯಾಕ್ಸ್ಡ್‌ನಲ್ಲಿ ಸೊನ್ನೆ ಬೈಟ್.

ಈ ಸೊನ್ನೆ ಬೈಟ್ ದೋಷ ಹುಡುಕುವಾಗ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕೋಡ್ ಲೆಕ್ಕ ಹಾಕಿದ ಬಾಡಿ ಹ್ಯಾಶ್ 47 ಎಂಬ ಅಂಕಿಗಳಿಂದ ಶುರುವಾಗಿ ಮುಂದೆ ದೊಡ್ಡಕ್ಷರದ ಡಿ, ಇ, ಕ್ಯೂ ಬಂದರೆ, ಅದು ಏನೂ ಇಲ್ಲದ್ದರ ಎಸ್‌ಎಚ್‌ಎ-256 ಹ್ಯಾಶ್. ಅಂದರೆ ನೀವು ಹ್ಯಾಶ್ ಮಾಡಿದ್ದು ಬಾಡಿಯನ್ನಲ್ಲ, ಶೂನ್ಯವನ್ನು. ಕಾರಣ ಹೆಚ್ಚಾಗಿ ಒಂದೇ: ಹೆಡರ್ ಮುಗಿದು ಬಾಡಿ ಶುರುವಾಗುವ ಜಾಗವನ್ನು ಎರಡು ಸಿಆರ್-ಎಲ್‌ಎಫ್‌ನಿಂದ ಹುಡುಕುತ್ತಿದ್ದೀರಿ, ಲಿನಕ್ಸ್‌ನಲ್ಲಿ ಉಳಿಸಿದ ಫೈಲಿನಲ್ಲಿ ಬರೀ ಎಲ್‌ಎಫ್ ಇದೆ, ಬಾಡಿ ಸಿಗಲೇ ಇಲ್ಲ. ಸಿಂಪಲ್ ಆಗಿದ್ದರೆ ಖಾಲಿ ಬಾಡಿಯ ಹ್ಯಾಶ್ ಸಣ್ಣಕ್ಷರದ ಎಫ್, ಆರ್, ಸಿ, ಆಮೇಲೆ ದೊಡ್ಡ ಸಿ ಎಂದು ಶುರುವಾಗುತ್ತದೆ. ಈ ಎರಡನ್ನೂ ಗೋಡೆಗೆ ಬರೆದಿಟ್ಟುಕೊಳ್ಳಬಹುದು.

ಹೆಡರ್‌ಗಳನ್ನು ಆರಿಸುವ ಕ್ರಮದಲ್ಲಿ ಸ್ವಂತ ಕೋಡ್ ಬರೆಯುವವರು ಎಡವುತ್ತಾರೆ. ಎಚ್ ಟ್ಯಾಗಿನ ಪಟ್ಟಿಯಲ್ಲಿ ಒಂದು ಹೆಸರು ಬಂದರೆ ಮೇಲ್‌ನಲ್ಲಿ ಆ ಹೆಸರಿನ ಹೆಡರನ್ನು ಕೆಳಗಿನಿಂದ ಮೇಲಕ್ಕೆ ಹುಡುಕಬೇಕು. ಅದೇ ಹೆಸರು ಪಟ್ಟಿಯಲ್ಲಿ ಎರಡನೇ ಸಲ ಬಂದರೆ ಅದಕ್ಕಿಂತ ಮೇಲಿನದು. ಇನ್ನು ಉಳಿದಿಲ್ಲವಾದರೆ ಏನನ್ನೂ ಸೇರಿಸಬಾರದು, ಖಾಲಿ ಸಾಲನ್ನೂ ಸಹ. ಇದು ಸುಮ್ಮನೆ ಮಾಡಿದ ನಿಯಮವಲ್ಲ. ಜಾಣ ಕಳುಹಿಸುಗರು ಫ್ರಮ್ ಹೆಸರನ್ನು ಪಟ್ಟಿಯಲ್ಲಿ ಎರಡು ಸಲ ಬರೆಯುತ್ತಾರೆ, ಮೇಲ್‌ನಲ್ಲಿ ಇರುವುದು ಒಂದೇ. ದಾರಿಯಲ್ಲಿ ಯಾರಾದರೂ ಇನ್ನೊಂದು ಫ್ರಮ್ ತುರುಕಿದರೆ ಆ ಖಾಲಿ ಜಾಗ ತುಂಬಿ ಸಹಿ ಮುರಿಯುತ್ತದೆ. ಎಲ್ಲ ಮುಗಿದ ಮೇಲೆ ಡಿಕಿಮ್-ಸಿಗ್ನೇಚರ್ ಹೆಡರನ್ನೇ ಕೊನೆಗೆ ಸೇರಿಸಬೇಕು, ಬಿ ಟ್ಯಾಗಿನ ಬೆಲೆ ಮಾತ್ರ ಖಾಲಿ ಮಾಡಿ, ಕೊನೆಯ ಸಿಆರ್-ಎಲ್‌ಎಫ್ ಇಲ್ಲದೆ.

ಫೇಲ್ ಆದಾಗ ಎರಡು ಹಂತ ಬೇರೆ ಮಾಡಿ ನೋಡಿ. ಬಿಎಚ್ ಹೊಂದಲಿಲ್ಲ ಎಂದರೆ ಬಾಡಿ ಬದಲಾಗಿದೆ: ಆಂಟಿವೈರಸ್ ಅಡಿಟಿಪ್ಪಣಿ ಸೇರಿಸಿದೆ, ಗುಂಪಿನ ಮೇಲ್ ಪಟ್ಟಿ ತನ್ನ ಸಾಲು ಹಾಕಿದೆ, ಎನ್‌ಕೋಡಿಂಗ್ ಬದಲಾಗಿದೆ. ಬಿಎಚ್ ಹೊಂದಿ ಬಿ ಹೊಂದಲಿಲ್ಲವೆಂದರೆ ಬಾಡಿಯ ಗೊಡವೆಗೆ ಹೋಗಬೇಡಿ, ಹೆಡರ್ ಬದಲಾಗಿದೆ ಅಥವಾ ಕೀ ತಪ್ಪು. ವಿಷಯದ ಸಾಲಿಗೆ ಯಾರೋ 'ಹೊರಗಿನ ಮೇಲ್' ಎಂದು ಮುದ್ರೆ ಒತ್ತಿದ್ದಾರೆಯೇ, ಮೊದಲು ಅದನ್ನು ನೋಡಿ.

ಡಿಎನ್‌ಎಸ್

ಕೀ ಸಿಗುವ ಹೆಸರು: ಸೆಲೆಕ್ಟರ್, ಚುಕ್ಕೆ, ಅಂಡರ್‌ಸ್ಕೋರ್ ಸೇರಿದ ಡೊಮೈನ್‌ಕೀ, ಚುಕ್ಕೆ, ಡೊಮೈನ್. ಅಲ್ಲಿರುವುದು ಟಿಎಕ್ಸ್‌ಟಿ ದಾಖಲೆ. 2048 ಬಿಟ್‌ನ ಆರ್‌ಎಸ್‌ಎ ಕೀ ಬೇಸ್64ರಲ್ಲಿ 392 ಅಕ್ಷರವಾಗುತ್ತದೆ, ಟಿಎಕ್ಸ್‌ಟಿಯ ಒಂದು ತುಂಡಿನಲ್ಲಿ 255 ಬೈಟ್‌ಗಿಂತ ಹೆಚ್ಚು ಹಿಡಿಯುವುದಿಲ್ಲ. ಹೀಗಾಗಿ ಕೀ ಎರಡು ತುಂಡಾಗಿ ಬರುತ್ತದೆ. ನಡುವೆ ಏನೂ ಇಲ್ಲದೆ ಅಂಟಿಸಬೇಕು. ಮೊದಲ ತುಂಡನ್ನಷ್ಟೇ ತೆಗೆದುಕೊಳ್ಳುವ ಕೋಡ್ 1024 ಬಿಟ್ ಕೀಗಳಿಗೆ ಕೆಲಸ ಮಾಡಿ, 2048ಕ್ಕೆ ಕೈಕೊಡುತ್ತದೆ. ಪಿ ಟ್ಯಾಗ್ ಖಾಲಿ ಇದ್ದರೆ ಕೀ ರದ್ದಾಗಿದೆ ಎಂದರ್ಥ.

ಕೀಯ ಗಾತ್ರವನ್ನೂ ನೋಡಿ. 2012ರಲ್ಲಿ ಜಕಾರಿ ಹ್ಯಾರಿಸ್ ಎಂಬ ಗಣಿತಜ್ಞ ಗೂಗಲ್‌ನ ಕೀ ಬರೀ 512 ಬಿಟ್ ಇದ್ದದ್ದನ್ನು ಗಮನಿಸಿ, ಅದನ್ನು ಒಡೆದು, ಕಂಪನಿಯ ಸ್ಥಾಪಕರಲ್ಲೊಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಮೇಲ್ ಕಳಿಸಿದ್ದರು. 2018ರ ಆರ್‌ಎಫ್‌ಸಿ 8301ರ ಪ್ರಕಾರ 1024ಕ್ಕಿಂತ ಚಿಕ್ಕ ಕೀಯ ಸಹಿಯನ್ನು ಸರಿ ಎಂದು ಒಪ್ಪುವಂತಿಲ್ಲ, ಎಸ್‌ಎಚ್‌ಎ-1 ಬಳಸುವಂತೆಯೇ ಇಲ್ಲ.

ಇನ್ನು ನಮ್ಮ ಕಡೆಯ ಕಷ್ಟ. ಜುಲೈ ಮಳೆಯಲ್ಲಿ ಕಳಸ, ಕೊಪ್ಪ, ಮೂಡಿಗೆರೆ ಕಡೆಯ ಎಸ್ಟೇಟ್ ಕಚೇರಿಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಹೋಗಿ ಬಂದು ಮಾಡುತ್ತದೆ. ಆಗ ಡಿಎನ್‌ಎಸ್ ಉತ್ತರ ಬರದೆ ಕಾಲ ಮೀರುತ್ತದೆ. ಇದನ್ನು ಫೇಲ್ ಎಂದು ಬರೆದುಕೊಂಡರೆ ಅಸಲಿ ಆರ್ಡರ್‌ಗಳೆಲ್ಲ ತಿರಸ್ಕಾರದ ಬುಟ್ಟಿಗೆ. ಅಂಥ ಹೆಸರೇ ಇಲ್ಲ ಎಂದು ಡಿಎನ್‌ಎಸ್ ಖಚಿತವಾಗಿ ಹೇಳಿದರೆ ಅದು ಪರ್ಮ್-ಎರರ್, ಅಲ್ಲಿಗೆ ಮುಗಿಯಿತು. ಉತ್ತರ ಬರದಿದ್ದರೆ, ಅಥವಾ ಉತ್ತರ ಹುಡುಕಲಾಗಲಿಲ್ಲ ಎಂಬ ಸರ್ವ್‌ಫೇಲ್ ಬಂದರೆ, ಟೆಂಪ್-ಎರರ್: ಮೇಲನ್ನು ಸರದಿಯಲ್ಲಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಪ್ರಯತ್ನಿಸಬೇಕು. ಬರೀ ಟ್ರೂ-ಫಾಲ್ಸ್ ಕೊಡುವ ಫಂಕ್ಷನ್ ಬಳಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಡಿಕಿಮ್‌ಪೈನಲ್ಲಿ ಚಿಕ್ಕ ಫಂಕ್ಷನ್ ಬಿಟ್ಟು ಕ್ಲಾಸ್ ಬಳಸಿ. ಅದು ಎಕ್ಸೆಪ್ಶನ್ ಎಸೆಯುತ್ತದೆ, ಸಹಿ ಹಾಕಿದ ಡೊಮೈನ್ ಮತ್ತು ಸಹಿಯಾದ ಹೆಡರ್‌ಗಳನ್ನು ತೋರಿಸುತ್ತದೆ.

ಗಡಿಯಾರವೂ ಅಷ್ಟೇ. ಸಹಿಗೆ ಟಿ ಎಂಬ ಸಹಿ ಹಾಕಿದ ಸಮಯ, ಎಕ್ಸ್ ಎಂಬ ಮುಕ್ತಾಯ ಸಮಯ ಇರಬಹುದು. ಹಳೆಯ ಪಿಸಿಯ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದ ಮೇಲೆ ದಿನಾಂಕ ಹಿಂದಕ್ಕೆ ಹೋದರೆ, ಇಂದಿನ ಸಹಿಯೆಲ್ಲ ಭವಿಷ್ಯದ್ದಾಗಿ ಕಾಣುತ್ತದೆ.

ಯಾರದು ಎಂಬ ಪ್ರಶ್ನೆ

ಈಗ ಮುಖ್ಯ ಸಂಗತಿ. ಸಹಿಯ ಡಿ ಟ್ಯಾಗಿನ ಡೊಮೈನ್, ಫ್ರಮ್ ವಿಳಾಸದ ಡೊಮೈನ್, ಎರಡೂ ಒಬ್ಬರದೇ ಇರಬೇಕು. 2015ರ ಆರ್‌ಎಫ್‌ಸಿ 7489ರಲ್ಲಿ ಬಂದ ಡಿಮಾರ್ಕ್ ಇದನ್ನು ಅಲೈನ್‌ಮೆಂಟ್ ಎನ್ನುತ್ತದೆ. ಕಟ್ಟುನಿಟ್ಟಾದರೆ ಎರಡೂ ಅಕ್ಷರಶಃ ಒಂದೇ, ಸಡಿಲವಾದರೆ ಮೂಲ ಡೊಮೈನ್ ಒಂದಾದರೆ ಸಾಕು.

ಮೂಲ ಡೊಮೈನ್ ಕಂಡುಹಿಡಿಯಲು ಚುಕ್ಕೆಯಿಂದ ಒಡೆದು ಕೊನೆಯ ಎರಡು ತುಂಡು ತೆಗೆದುಕೊಳ್ಳುವ ಕೋಡ್ ಎಲ್ಲೆಲ್ಲೂ ಕಾಣುತ್ತದೆ. ಭಾರತದ ವಿಳಾಸಗಳಿಗೆ ಇದು ಅಪಾಯ. ಕೊ ಡಾಟ್ ಇನ್ ಎಂದು ಮುಗಿಯುವ ಎಲ್ಲ ಕಂಪನಿಗಳೂ ಆ ಕೋಡಿಗೆ ಒಂದೇ ಮನೆಯವರು. ಚಿಕ್ಕಮಗಳೂರು ಡಾಟ್ ನಿಕ್ ಡಾಟ್ ಇನ್, ಹಾಸನ ಡಾಟ್ ನಿಕ್ ಡಾಟ್ ಇನ್ ಎರಡಕ್ಕೂ ಅದು ನಿಕ್ ಡಾಟ್ ಇನ್ ಎಂದೇ ಹೇಳುತ್ತದೆ. ಹೀಗೆ ಹಲವರು ಹಂಚಿಕೊಳ್ಳುವ ಕೊನೆಗಳ ಪಟ್ಟಿಯಾದ ಪಬ್ಲಿಕ್ ಸಫಿಕ್ಸ್ ಲಿಸ್ಟ್ ಇರುವುದೇ ಇದಕ್ಕೆ, ಅದನ್ನು ಓದುವ ಲೈಬ್ರರಿ ಬಳಸಿ. ಇನ್ನೊಂದು ಎಡವಟ್ಟು: ಡೊಮೈನ್ ಹೆಸರು ಇಂಥದ್ದರಿಂದ ಕೊನೆಯಾಗುತ್ತದೆಯೇ ಎಂದು ಎಂಡ್ಸ್‌ವಿತ್‌ನಿಂದ ನೋಡುವುದು. ಮುಂದೆ ಚುಕ್ಕೆ ಸೇರಿಸದಿದ್ದರೆ, 'ನಕಲಿ' ಎಂಬ ಪದವನ್ನು ಅಸಲಿ ಹೆಸರಿಗೆ ಮುಂದೆ ಅಂಟಿಸಿಕೊಂಡು ನೋಂದಾಯಿಸಿದ ಡೊಮೈನ್ ಕೂಡ ಪಾಸಾಗುತ್ತದೆ.

ಆರ್ಡರ್ ಒಪ್ಪುವ ಪ್ರೋಗ್ರಾಮಿಗೆ ಇದಕ್ಕಿಂತ ಬಿಗಿಯಾದ ದಾರಿಯೇ ಒಳ್ಳೆಯದು. ನಿಮ್ಮ ಕೊಳ್ಳುಗರು ಎಷ್ಟು ಜನ? ಐವತ್ತು, ನೂರು. ಪ್ರತಿಯೊಬ್ಬರ ಫ್ರಮ್ ವಿಳಾಸ ಮತ್ತು ಅವರ ಮೇಲ್‌ಗೆ ಸಹಿ ಹಾಕುವ ಡೊಮೈನ್ ಎರಡನ್ನೂ ಒಂದು ಟೇಬಲ್‌ನಲ್ಲಿ ಬರೆದಿಡಿ. ಕೆಲವರ ಬಿಲ್ಲಿಂಗ್ ತಂತ್ರಾಂಶ ತನ್ನ ಸ್ವಂತ ಡೊಮೈನಿನಿಂದ ಸಹಿ ಹಾಕುತ್ತದೆ, ಕೊಳ್ಳುಗರ ಡೊಮೈನಿನಿಂದ ಅಲ್ಲ. ಆ ಸೇವೆಯ ಡೊಮೈನನ್ನು ಟೇಬಲ್‌ಗೆ ಸೇರಿಸುವ ಆಸೆ ಬೇಡ, ಅದೇ ಸೇವೆ ಕೊಂಡ ಯಾರ ಮೇಲ್ ಬೇಕಾದರೂ ಒಳಗೆ ಬಂದೀತು. ತಮ್ಮ ಡೊಮೈನಿನಿಂದಲೇ ಸಹಿ ಆಗುವಂತೆ ಡಿಎನ್‌ಎಸ್ ಸರಿಮಾಡಲು ಅವರಿಗೆ ಹೇಳಿ.

ತಪಾಸಣೆಯ ಕ್ರಮ ಹೀಗೆ:

ಕಚ್ಚಾ = ಬೈಟ್‌ಗಳಾಗಿ ತಂದ ಮೇಲ್
ಫ್ರಮ್ ಹೆಡರ್ ಒಂದೇ ಒಂದು, ಅದರಲ್ಲಿ ವಿಳಾಸ ಒಂದೇ ಒಂದು ಇಲ್ಲದಿದ್ದರೆ → ಗುಮಾಸ್ತರಿಗೆ
ಟೇಬಲ್‌ನಲ್ಲಿ ಆ ವಿಳಾಸ ಇಲ್ಲದಿದ್ದರೆ → ಗುಮಾಸ್ತರಿಗೆ
ಮೇಲ್‌ನ ಪ್ರತಿಯೊಂದು ಸಹಿಗೂ:
  ಡಿ ಡೊಮೈನ್ ಟೇಬಲ್‌ನಲ್ಲಿ ಆ ವಿಳಾಸದ ಎದುರು ಬರೆದದ್ದಲ್ಲವಾದರೆ → ಮುಂದಿನ ಸಹಿ
  ಎಲ್ ಟ್ಯಾಗ್ ಇದ್ದರೆ → ಮುಂದಿನ ಸಹಿ
  ಫ್ರಮ್, ಟು, ಸಬ್ಜೆಕ್ಟ್, ಡೇಟ್, ಮೆಸೇಜ್-ಐಡಿ ಸಹಿಯಾಗಿರದಿದ್ದರೆ → ಮುಂದಿನ ಸಹಿ
  ಪರೀಕ್ಷೆ ಪಾಸಾದರೆ → ಒಪ್ಪು
  ಟೆಂಪ್-ಎರರ್ ಆದರೆ → ನೆನಪಿಡು
ಟೆಂಪ್-ಎರರ್ ನೆನಪಿದ್ದರೆ → ಸರದಿಗೆ, ಇಲ್ಲದಿದ್ದರೆ → ಗುಮಾಸ್ತರಿಗೆ

ಪ್ರತಿಯೊಂದು ಸಹಿಗೂ ಎಂದದ್ದಕ್ಕೆ ಕಾರಣವಿದೆ. ಒಂದು ಮೇಲ್‌ನಲ್ಲಿ ಎರಡು ಮೂರು ಸಹಿ ಇರುವುದು ಮಾಮೂಲು: ಕಂಪನಿಯದೊಂದು, ಕಳಿಸುವ ಸೇವೆಯದೊಂದು. ಡಿಕಿಮ್‌ಪೈನ ವೆರಿಫೈಗೆ ಏನೂ ಹೇಳದಿದ್ದರೆ ಅದು ನೋಡುವುದು ಎಲ್ಲಕ್ಕಿಂತ ಮೇಲಿನದನ್ನು ಮಾತ್ರ. ಅನುಕ್ರಮ ಸಂಖ್ಯೆ ಕೊಟ್ಟು ಒಂದೊಂದಾಗಿ ಕೇಳಬೇಕು.

ಎಲ್ ಟ್ಯಾಗ್ ಬಾಡಿಯ ಮೊದಲ ಇಷ್ಟು ಬೈಟ್‌ಗೆ ಮಾತ್ರ ಸಹಿ ಎಂದು ಹೇಳುತ್ತದೆ. ಅದರ ಆಚೆಗೆ ಏನು ಸೇರಿಸಿದರೂ ಸಹಿ ಪಾಸ್. ಅಡಿಟಿಪ್ಪಣಿ ಸೇರಿಸುವ ಮೇಲ್ ಪಟ್ಟಿಗಳಿಗೆ ಅನುಕೂಲವಾಗಲಿ ಎಂದು ಇಟ್ಟದ್ದು, ವಂಚಕರಿಗೇ ಹೆಚ್ಚು ಅನುಕೂಲ. ಒಪ್ಪಲೇಬೇಡಿ.

ಟು ಮತ್ತು ಮೆಸೇಜ್-ಐಡಿ ಸಹಿಯೊಳಗೆ ಇರಬೇಕೆಂದದ್ದು ಮರುಬಳಕೆ ತಡೆಯಲು. ಹೋದ ತಿಂಗಳ ಅಸಲಿ ಆರ್ಡರ್ ಮೇಲನ್ನು ಯಾರಾದರೂ ಹಾಗೇ ಮತ್ತೆ ಕಳಿಸಿದರೆ ಸಹಿ ಪಾಸಾಗುತ್ತದೆ, ಯಾಕೆಂದರೆ ಒಂದು ಬೈಟೂ ಬದಲಾಗಿಲ್ಲ. ಟು ನಿಮ್ಮ ವಿಳಾಸವೇ, ಈ ಮೆಸೇಜ್-ಐಡಿ ಮೊದಲೇ ಬಂದಿತ್ತೇ ಎಂದು ನೋಡಿ.

ಪಾಸಾಗದ್ದೆಲ್ಲ ತಿರಸ್ಕಾರ ಅಲ್ಲ, ಗುಮಾಸ್ತರಿಗೆ ಎಂದದ್ದನ್ನೂ ಗಮನಿಸಿ. ಮುರಿದ ಸಹಿಯನ್ನು ಸಹಿಯೇ ಇಲ್ಲದ ಮೇಲ್‌ನಂತೆ ಕಾಣಬೇಕು ಎನ್ನುವುದು ಮಾನದಂಡದ ಮಾತು. ಫಾರ್ವರ್ಡ್ ಆಗುತ್ತಾ ಮುರಿದದ್ದೂ ಇರಬಹುದು.

ಸಭಿಕರ ಪ್ರಶ್ನೆಗಳಲ್ಲಿ ಕೆಲವು

*ಜಿಮೇಲ್ ಹೇಗಿದ್ದರೂ ಇದನ್ನೆಲ್ಲ ನೋಡಿ ಅಥೆಂಟಿಕೇಶನ್-ರಿಸಲ್ಟ್ಸ್ ಹೆಡರಿನಲ್ಲಿ ಬರೆಯುತ್ತದಲ್ಲ, ಅದನ್ನೇ ಓದಿದರೆ ಸಾಲದೇ?*

ಓದಬಹುದು, ಎರಡು ಎಚ್ಚರಿಕೆಯಿಂದ. ಆ ಹೆಡರನ್ನು ಕಳಿಸುವವನೂ ಮೊದಲೇ ಬರೆದು ಕಳಿಸಬಹುದು. ಎಲ್ಲಕ್ಕಿಂತ ಮೇಲಿರುವುದನ್ನು ಮಾತ್ರ, ಅದರ ಮೊದಲ ಪದ ನಿಮ್ಮ ಮೇಲ್ ಸೇವೆಯ ಸರ್ವರ್ ಹೆಸರೇ ಆಗಿದ್ದರೆ ಮಾತ್ರ ನಂಬಿ. ಅದರೊಳಗೂ ಪಾಸ್ ಎಂಬ ಪದವನ್ನು ಹುಡುಕಿ ನಿಲ್ಲಬೇಡಿ, ಯಾವ ಡೊಮೈನಿಗೆ ಪಾಸ್ ಎಂದು ನೋಡಿ.

*ನಮ್ಮಲ್ಲಿ ಎಷ್ಟೋ ವ್ಯಾಪಾರಿಗಳು ಸ್ವಂತ ಡೊಮೈನ್ ಇಲ್ಲದೆ ಜಿಮೇಲ್‌ನಿಂದಲೇ ಕಳಿಸುತ್ತಾರೆ.*

ಆಗ ಡಿ ಟ್ಯಾಗಿನಲ್ಲಿ ಜಿಮೇಲ್ ಡಾಟ್ ಕಾಮ್ ಇರುತ್ತದೆ, ಎಲ್ಲರಿಗೂ ಅದೇ. ಆದ್ದರಿಂದ ಫ್ರಮ್‌ನ ಪೂರ್ತಿ ವಿಳಾಸವನ್ನು ಟೇಬಲ್‌ಗೆ ಹೋಲಿಸಬೇಕು, ಡೊಮೈನನ್ನಷ್ಟೇ ಅಲ್ಲ. ತೋರಿಕೆಯ ಹೆಸರನ್ನಂತೂ ಹೋಲಿಸಲೇಬೇಡಿ, ಅದರಲ್ಲಿ ಇನ್ನೊಬ್ಬರ ಇಮೇಲ್ ವಿಳಾಸವನ್ನೇ ಬರೆದಿಟ್ಟಿರಬಹುದು. ಅವರ ಪಾಸ್‌ವರ್ಡ್ ಕಳುವಾಗಿದ್ದರೆ ಮಾತ್ರ ಯಾವ ಸಹಿಯೂ ನೆರವಾಗದು, ಕಳ್ಳ ಕಳಿಸಿದ್ದಕ್ಕೂ ಅಸಲಿ ಸಹಿಯೇ ಬೀಳುತ್ತದೆ. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಮೇಲ್‌ಗಳನ್ನು ಪ್ರೋಗ್ರಾಮಿಗೆ ಬಿಡಲೇಬೇಡಿ. ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ, ಮೇಲ್‌ನಲ್ಲಿ ಬರೆದ ನಂಬರಿಗಲ್ಲ.

*ಟೆಂಡರಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ ಇದೆ. ಅದರಿಂದ ಮೇಲ್‌ಗೆ ಸಹಿ ಹಾಕಿದರೆ?*

ಅದು ಬೇರೆ ಜಾತಿ, ಎಸ್‌-ಮೈಮ್. ಡಿಕಿಮ್ ಕೀಯನ್ನು ಡೊಮೈನಿನವರೇ ಮಾಡಿಕೊಳ್ಳುತ್ತಾರೆ, ಅದು ಸರ್ವರ್‌ನ ಸಹಿ. ಎಸ್‌-ಮೈಮ್‌ನಲ್ಲಿ ಸಹಿ ವ್ಯಕ್ತಿಯದು, ಹಿಂದೆ ಪ್ರಮಾಣಪತ್ರ ಇರುತ್ತದೆ, ಮೇಲ್‌ಗೆ ಪಿ7ಎಸ್ ಎಂಬ ಲಗತ್ತು ಅಂಟಿಕೊಂಡು ಬರುತ್ತದೆ. ಪ್ರಮಾಣಪತ್ರ ಇಮೇಲ್ ಬಳಕೆಗೆ ಕೊಟ್ಟದ್ದಾಗಿರಬೇಕು, ಅದರಲ್ಲಿ ಇಮೇಲ್ ವಿಳಾಸ ಇರಬೇಕು. ಓಪನ್‌ಎಸ್‌ಎಸ್‌ಎಲ್‌ನ ಎಸ್‌ಮೈಮ್ ಆದೇಶದಿಂದ ಪರೀಕ್ಷಿಸಬಹುದು. ದೋಷ ಬಂತೆಂದು ನೋ-ವೆರಿಫೈ ಆಯ್ಕೆ ಸೇರಿಸುವವರಿದ್ದಾರೆ. ಅದು ಪ್ರಮಾಣಪತ್ರ ಯಾರು ಕೊಟ್ಟದ್ದು ಎಂದು ನೋಡುವುದನ್ನೇ ಬಿಟ್ಟುಬಿಡುತ್ತದೆ, ಮನೆಯಲ್ಲಿ ಮಾಡಿಕೊಂಡ ಪ್ರಮಾಣಪತ್ರವೂ ನಡೆಯುತ್ತದೆ. ಫ್ರಮ್ ವಿಳಾಸವೂ ಪ್ರಮಾಣಪತ್ರದ ವಿಳಾಸವೂ ಒಂದೇ ಎಂದು ಆ ಆದೇಶ ತಾನಾಗಿ ನೋಡುವುದಿಲ್ಲ, ಅಲ್ಲೂ ಆ ಹೋಲಿಕೆ ನಿಮ್ಮ ಕೋಡಿನದೇ.

*ಹಳೆಯ ಮೇಲ್‌ಗಳನ್ನು ಈಗ ಪರೀಕ್ಷಿಸಬಹುದೇ?*

ಕೀ ಇನ್ನೂ ಡಿಎನ್‌ಎಸ್‌ನಲ್ಲಿದ್ದರೆ ಆಗುತ್ತದೆ. ಆಗಾಗ ಸೆಲೆಕ್ಟರ್ ಬದಲಿಸಿ ಹಳೆಯ ಕೀ ತೆಗೆದುಹಾಕುವುದು ಒಳ್ಳೆಯ ಅಭ್ಯಾಸವೆಂದು ಕಳುಹಿಸುವವರಿಗೆ ಹೇಳುತ್ತೇವೆ, ಹಾಗೆ ಮಾಡಿದವರ ಹಳೆಯ ಮೇಲ್ ಪರೀಕ್ಷೆಗೆ ಸಿಗುವುದಿಲ್ಲ. ಮುಂದೆ ತಕರಾರು ಬರಬಹುದಾದ ಆರ್ಡರ್‌ಗಳಿಗೆ, ಬಂದ ದಿನವೇ ಕಚ್ಚಾ ಫೈಲಿನ ಜೊತೆ ಪರೀಕ್ಷೆಯ ಫಲಿತಾಂಶ, ಸಮಯ, ಆಗ ಡಿಎನ್‌ಎಸ್ ಕೊಟ್ಟ ಟಿಎಕ್ಸ್‌ಟಿ ದಾಖಲೆ ಇಷ್ಟನ್ನೂ ಉಳಿಸಿ. ಕಚ್ಚಾ ಫೈಲನ್ನು ಜಿಪ್ ಮಾಡಿ ಇಟ್ಟರೆ ತೊಂದರೆಯಿಲ್ಲ, ಯಾವುದಾದರೂ ಮೇಲ್ ತಂತ್ರಾಂಶದಲ್ಲಿ ತೆರೆದು ಮತ್ತೆ ಸೇವ್ ಮಾಡಬೇಡಿ.